ತೊಟ್ಟಿಲ ಕೌದಿಯ ಕೆಳಗಿನ ಹಳದಿ ಹಾಳೆ

ಕಾರಟಗಿ
೨೪ ಅಕ್ಟೋಬರ್ ೨೦೨೪, ಗುರುವಾರ

ಕಳಕಮ್ಮಕ್ಕನವರಿಗೆ ಮಲ್ಲೇಶ್ವರಿಯ ನಮಸ್ಕಾರಗಳು.

ಬೆಳಗಿನ ಜಾವ ಮೂರು ಗಂಟೆಗೆ ತೊಟ್ಟಿಲ ಕೊಂಡಿ ಕಿರ್ ಎಂದಿತು. ಮಗು ನನ್ನ ಪಕ್ಕದಲ್ಲಿ, ಹಾಸಿಗೆಯ ಮೇಲೆ ಮಲಗಿತ್ತು. ಖಾಲಿ ತೊಟ್ಟಿಲು ತಾನಾಗಿ ಯಾಕೆ ತೂಗಬೇಕು? ಎದ್ದು ಲೈಟ್ ಹಾಕಿದೆ. ಬೆಕ್ಕೊಂದು ತೊಟ್ಟಿಲಿಂದ ಕಿಟಕಿಗೆ ಜಿಗಿದು ಹೋಯಿತು. ಅಷ್ಟೇ ಎಂದುಕೊಂಡು ಬೇರೆಯವರಾದರೆ ಮಲಗಿಬಿಡುತ್ತಿದ್ದರು. ಹೆರಿಗೆಯಾದಾಗಿನಿಂದ ನನಗೆ ಒಮ್ಮೆ ಬಿಟ್ಟ ಕಣ್ಣು ಮತ್ತೆ ಮುಚ್ಚುವುದಿಲ್ಲ. ಬೆಕ್ಕು ಹೊಲಸು ಮಾಡಿದೆಯೋ ಏನೋ ಎಂದು ತೊಟ್ಟಿಲಲ್ಲಿ ಹಾಸಿದ್ದ ಕೌದಿ ಎತ್ತಿ ನೋಡಿದೆ. ಅದರ ಕೆಳಗೆ ಒಂದು ಹಾಳೆ ಇತ್ತು.

ಹಾಳೆಗೆ ಪೂರ್ತಿ ಅರಿಷಿಣ ಬಳಿದು ಒಣಗಿಸಿದ್ದಾರೆ. ಅದರ ಮೇಲೆ ಕೆಂಪು ಗೆರೆಗಳು. ಕುಂಕುಮದ ಕೆಂಪಲ್ಲ, ಪೆನ್ನಿನ ಕೆಂಪೂ ಅಲ್ಲ. ಗಾಯ ಒಣಗಿದ ಮೇಲೆ ಬಟ್ಟೆಯಲ್ಲಿ ಉಳಿಯುತ್ತದಲ್ಲ, ಆ ಬಣ್ಣ. ಗೆರೆಗಳು ಹರಡಿಕೊಂಡು ಅರ್ಧಕ್ಕರ್ಧ ತಿಳಿಯುವುದಿಲ್ಲ. ಆದರೂ ಬುಟ್ಟಿಯಂಥದ್ದೊಂದು ಕಾಣುತ್ತದೆ, ಅದರೊಳಗೆ ಪುಟ್ಟ ಆಕಾರವೊಂದು. ಮೇಲೆ ಒಬ್ಬ ಹೆಂಗಸು ಬಾಗಿ, ಅದರ ಕುತ್ತಿಗೆಗೋ ಕೆನ್ನೆಗೋ ಬಾಯಿ ಹಚ್ಚಿದ್ದಾಳೆ. ಅವಳ ಬೆನ್ನ ಹಿಂದೆ ಎತ್ತಿದ ಮುಷ್ಟಿಗಳು. ಸಿಕ್ಕಾಗ ಹಾಳೆಯನ್ನು ಮಡಿಚಿ ಹಳದಿ ದಾರ ಸುತ್ತಿದ್ದರು.

ನಾನು ಇಂಥದ್ದನ್ನು ನಂಬುವವಳಲ್ಲ. ಗಂಗಾವತಿಯಲ್ಲಿ ಬಿ.ಎ. ಓದುವಾಗ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಸ್ಟೀಲಿನ ಡಬ್ಬಿ ಬಹುಮಾನ ಪಡೆದವಳು. ಡಬ್ಬಿಯಲ್ಲಿ ಈಗಲೂ ಸಕ್ಕರೆ ಇದೆ. ಆದರೂ ಹಾಳೆಯನ್ನು ಮಗುವಿನಿಂದ ದೂರ ಇಟ್ಟೆ.

ಮಗುವಿಗೆ ಎಣ್ಣೆ-ನೀರು ಹಾಕಲು ಬರುವ ಹೊಳಿಯಮ್ಮನಿಗೆ ಬೆಳಿಗ್ಗೆ ತೋರಿಸಿದೆ. “ನನಗೇನ್ ಕೇಳತೀರಿ ಅಕ್ಕಾರ, ನಾ ಎರಿಯಾಕಿ, ಓದಾಕಿ ಅಲ್ಲ” ಎಂದು ನಕ್ಕಳು. ನಗುವ ಮೊದಲು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದಳು. ಅದನ್ನು ನಾನು ಗಮನಿಸಿದೆ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಅಕ್ಕನ ಫೋನ್ ಎಂದರೆ ನಿಮ್ಮ ತಮ್ಮ ಮೈಯೆಲ್ಲ ಕಿವಿಯಾಗಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೆ ಕಾಗದ. ದಸರೆ ರಜೆ ಮುಗಿದ ಮೇಲೆ ಮಗಳು ಗವಿಶ್ರೀಯನ್ನು ಕರೆದೊಯ್ಯಲು ನೀವು ಬಂದಿದ್ದಿರಲ್ಲ, ಆವತ್ತು ತೊಟ್ಟಿಲ ಹತ್ತಿರ ಯಾರನ್ನಾದರೂ ಕಂಡಿರಾ? ನೀವು ಇಟ್ಟಿರಿ ಎನ್ನುತ್ತಿಲ್ಲ. ಇಂಥ ವಿಷಯ ನಿಮಗೆ ಹೆಚ್ಚು ಗೊತ್ತಿರುತ್ತದೆಂದು ಕೇಳುತ್ತಿದ್ದೇನೆ.

ಗವಿಶ್ರೀ ಹೇಗಿದ್ದಾಳೆ? ಏಳನೇ ತರಗತಿ ಎಂದರೆ ಆಟವಲ್ಲ. ನನ್ನ ಬಾಣಂತನದ ಸಲುವಾಗಿ ಅವಳನ್ನು ನಿಮ್ಮೂರ ಶಾಲೆಗೆ ಹಾಕಿದ್ದು, ಈ ಒಂದು ವರ್ಷದ ಮಟ್ಟಿಗೆ. ರಜೆಗೆ ಬಂದಾಗ ಅವಳ ಉಗುರುಗಳೆಲ್ಲ ಹಳದಿಯಾಗಿದ್ದವು. ಏನು ಇದು ಎಂದು ಕೇಳಿದರೆ “ಅತ್ತಿಗಿ ಕೇಳು” ಎಂದು ಓಡಿಹೋದಳು. ಅದಕ್ಕೇ ಅವಳ ಅತ್ತೆಯನ್ನೇ ಕೇಳುತ್ತಿದ್ದೇನೆ.

ನಿಮ್ಮ
ಮಲ್ಲೇಶ್ವರಿ


ಹನುಮಸಾಗರ
೩೦ ಅಕ್ಟೋಬರ್ ೨೦೨೪

ತಂಗಿ ಮಲ್ಲೇಶ್ವರಿಗೆ ಕಳಕಮ್ಮನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಗವಿಶ್ರೀ ಛಲೋ ಅದಾಳ. ಹಾಲು ಕುಡಿಯಲು ಮಾತ್ರ ಹಟ. ಸಜ್ಜಿ ರೊಟ್ಟಿಗೆ ಬೆಣ್ಣೆ ಇದ್ದರೆ ಎರಡು ತಿನ್ನುತ್ತಾಳೆ. ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾಳೆಂದು ಟೀಚರ್ ಹೇಳಿದರು.

ಆ ಹಾಳೆಯ ಸುದ್ದಿ ಈಗ ಹೆಚ್ಚು ಕೇಳಬೇಡ. ಜೋಪಾನವಾಗಿ ಇಡು, ನೀರು ತಾಗಿಸಬೇಡ. ಹೆಸರಿಡುವ ದಿನ ಎಲ್ಲ ತಾನೇ ತಿಳಿಯುತ್ತದೆ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಯಾರಿಗೆ ಎಂದೂ ಕೇಳಬೇಡ.

ಹೆಸರಿಡುವ ದಿನ ನಿಶ್ಚಯವಾಯಿತೇ? ಇಲ್ಲಿ ದಿನಾ ಅದೇ ಮಾತು. ಕೂಸಿಗೆ ತಂಪು ತಾಗಿಸಬೇಡ. ನಿದ್ದೆ ಬರದಿದ್ದರೆ ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೋ.

ಕಳಕಮ್ಮ


ಕಾರಟಗಿ
೬ ನವೆಂಬರ್ ೨೦೨೪

ಕಳಕಮ್ಮನವರಿಗೆ,

ಯಾರಿಗೆ ಮಾತು ಕೊಟ್ಟಿದ್ದೀರಿ? ಕೇಳಬೇಡ ಎಂದರೂ ಕೇಳುತ್ತೇನೆ. ನನ್ನ ಮಗುವಿನ ತೊಟ್ಟಿಲಲ್ಲಿ ಸಿಕ್ಕ ಹಾಳೆ ಏನೆಂಬುದು ನಿಮಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ನೀರು ತಾಗಿಸಬಾರದು ಎಂಬುದು ಗೊತ್ತಿದೆ. ಯಾವ ದಿನ ತಿಳಿಯಬೇಕು ಎಂಬುದೂ ಗೊತ್ತಿದೆ. ಇಷ್ಟೆಲ್ಲ ಗೊತ್ತಿದ್ದವರು ಅಂಗಾಲಿಗೆ ಎಣ್ಣೆ ಹಚ್ಚಿಕೋ ಎನ್ನುತ್ತೀರಿ.

ನಿಮ್ಮ ಕಾಗದ ಬಂದ ಮರುದಿನ ಮಗುವಿಗೆ ಜ್ವರ ಬಂತು. ಮೈ ಕೆಂಡ. ನಾನು ತಡೆಯಲಿಲ್ಲ. ಹಾಳೆಯನ್ನು ಎಲೆಯಲ್ಲಿ ಸುತ್ತಿ ಕಾಲುವೆಗೆ ಒಯ್ದು ಹಾಕಿದೆ. ನೀರು ತಾಗಿಸಬೇಡ ಎಂದಿರಿ, ನೀರಿಗೇ ಕೊಟ್ಟೆ. ಅದು ತೇಲಿ ಹೋಗುವವರೆಗೂ ದಂಡೆಯ ಮೇಲೆ ನಿಂತಿದ್ದೆ. ಸಂಜೆಗೆ ಜ್ವರ ಇಳಿಯಿತು. ಇದಕ್ಕೆ ಏನು ಹೇಳುತ್ತೀರಿ?

ಇನ್ನೊಂದು. ಬೀಜ-ಗೊಬ್ಬರದ ಅಂಗಡಿಯ ದುರುಗಪ್ಪ ಹೋದ ವಾರ ನಿಮ್ಮೂರ ಕಡೆ ಬಂದಿದ್ದನಂತೆ. ವಾಪಸ್ ಬಂದವನು ನಮ್ಮ ಮನೆಗೆ ಬಂದು ಹೇಳಿದ: “ವೈನಿ, ತಪ್ಪು ತಿಳೀಬ್ಯಾಡ್ರಿ. ಕಟ್ಟಿ ಮ್ಯಾಲ ಸಾಲಾಗಿ ಬಟ್ಟಲಾ ಇಟ್ಟಿದ್ರು. ಒಂದರಾಗ ಸುಣ್ಣದ ನೀರು, ಒಂದರಾಗ ಬೂದಿ, ಹೆಚ್ಚಿದ ಲಿಂಬಿಹಣ್ಣು, ದಾಸಾಳ ಹೂವಿನ ರಸ. ನಿಮ್ಮ ಹುಡುಗಿ ‘ಕೆಂಪಾತು, ಕೆಂಪಾತು, ಈಗ ಇನ್ನೊಂದಕ್ಕ ಹಾಕು’ ಅಂತಿತ್ತು. ನಾ ‘ಏನ್ ನಡಸೀರಿ ಅಕ್ಕಾರ’ ಅಂದೆ. ನನ್ನ ನೋಡಿದ್ದ ತಡ ಕಳಕಮ್ಮಕ್ಕ ಎಲ್ಲಾ ಒಳಗ ತಗೊಂಡು ಕದಾ ಹಾಕ್ಕೊಂಡಬಿಟ್ರು.”

ಹಾಡುಹಗಲಲ್ಲಿ ಬಾಗಿಲು ಹಾಕಿಕೊಳ್ಳುವಂಥದ್ದು ಏನು ನಡೆಯುತ್ತದೆ ಆ ಮನೆಯಲ್ಲಿ? ಲಿಂಬೆಹಣ್ಣು, ಸುಣ್ಣ, ಬೂದಿ, ಅರಿಷಿಣ! ಏಳನೇ ತರಗತಿಯ ಹುಡುಗಿ ಕಲಿಯಬೇಕಾದದ್ದು ಇದೇನು? ನಾನು ಅವಳನ್ನು ಅಲ್ಲಿಗೆ ಕಳಿಸಿದ್ದು ಭಿನ್ನರಾಶಿ ಕಲಿಯಲಿ, ನಾಲ್ಕು ಸಾಲು ಇಂಗ್ಲಿಷ್ ಓದಲಿ ಎಂದು.

ನಿಮ್ಮ ಕಾಗದವನ್ನು ಮತ್ತೆ ತೆಗೆದು ನೋಡಿದೆ. ಅಕ್ಷರ ನಿಮ್ಮದಲ್ಲ. ಮೊದಲು ನೀವು ಬರೆಯುತ್ತಿದ್ದ ಕಾಗದಗಳು ಟ್ರಂಕಿನಲ್ಲಿವೆ. ಸಾಲು ಏರಿ ಇಳಿದು ಎತ್ತೆತ್ತಲೋ ಹೋಗುತ್ತಿತ್ತು. ಇದು ದುಂಡಗೆ ಇದೆ, ಗವಿಶ್ರೀಯ ಹಾಗೆ. ನನ್ನ ಮಗಳ ಕೈಯಿಂದಲೇ ನನಗೆ ಇಂಥ ಕಾಗದ ಬರೆಸುತ್ತೀರಾ?

ಇಷ್ಟು ಬರೆದ ಮೇಲೆ ಇದನ್ನೂ ಬರೆಯುತ್ತೇನೆ. ಕೊಪ್ಪಳದ ಆಸ್ಪತ್ರೆಗೆ ಎಲ್ಲರೂ ಬಂದಿರಿ, ಉಳಿದವರೆಲ್ಲ ಮಗುವನ್ನು ಎತ್ತಿಕೊಂಡರು. ನೀವು ಒಬ್ಬರೇ ಎತ್ತಿಕೊಳ್ಳಲಿಲ್ಲ. ಸ್ವಂತ ಸೋದರತ್ತೆ. ಆವತ್ತೇ ನನ್ನ ಮನಸ್ಸಿಗೆ ಬಂದಿತ್ತು.

ಮಲ್ಲೇಶ್ವರಿ


ಹನುಮಸಾಗರ
೧೦ ನವೆಂಬರ್ ೨೦೨೪

ಮಲ್ಲೇಶ್ವರಿ,

ನಿನ್ನ ಕಾಗದವನ್ನು ಗವಿಶ್ರೀ ಹೊರಗೆ ಆಡಲು ಹೋದ ಮೇಲೆ ಓದಿದೆ. ಹಾಗೆ ಓದಿದ್ದು ಒಳ್ಳೆಯದಾಯಿತು. “ಅವ್ವ ಏನ್ ಬರದಾಳ ಅತ್ತಿ?” ಎಂದು ಕೇಳಿದಳು. ಕೂಸು ನಗುತ್ತದಂತೆ ಎಂದೆ. ಕಾಲುವೆಯ ಮಾತು ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ.

ಬಾಗಿಲು ಹಾಕಿಕೊಂಡದ್ದು ನಿಜ. ನಾಚಿಕೆಯಾಗಿ ಹಾಕಿಕೊಂಡೆ. ಅಕ್ಷರ ನನ್ನದೇ. ಗವಿಶ್ರೀಯ ಹಾಗೆ ಕಂಡರೆ ಅದಕ್ಕೊಂದು ಕಾರಣ ಇದೆ, ಈಗ ಹೇಳುವ ಮನಸ್ಸಿಲ್ಲ.

ಕೂಸನ್ನು ಎತ್ತಿಕೊಳ್ಳಲಿಲ್ಲ ಎಂದಿದ್ದೀ. ಆಸ್ಪತ್ರೆಯಲ್ಲಿ ಕೈ ತೊಳೆದುಕೊಂಡು ಬರುತ್ತಿದ್ದೆ, ಎತ್ತಿಕೊಳ್ಳೋಣ ಎಂದೇ. ಪರದೆಯ ಆ ಕಡೆ ನಿನ್ನ ತಾಯಿ, “ಮಕ್ಕಳಿಲ್ಲದಾಕಿ ಕೈಯಾಗ ಹಸಿಕೂಸು ಕೊಡಬ್ಯಾಡ” ಅಂದಳು. ನನಗೆ ಕೇಳಿಸಿತು. ನೀನು ಏನೂ ಅನ್ನಲಿಲ್ಲ. ಅದೂ ಕೇಳಿಸಿತು.

ಯಲಬುರ್ಗಾದ ಗಂಡನ ಮನೆಯಲ್ಲಿ ಇಂಥ ಮಾತು ಕೇಳಿ ಕೇಳಿ ಎದ್ದು ಬಂದವಳು ನಾನು. ತಮ್ಮನ ಮನೆಯಿಂದಲೂ ಬರುತ್ತದೆ ಎಂದುಕೊಂಡಿರಲಿಲ್ಲ.

ನನ್ನ ಮಾತು ನಂಬಬೇಡ. ನಿನ್ನ ಓಣಿಯಲ್ಲಿ ಏಳನೇ ತರಗತಿ ಓದುವ ಮಕ್ಕಳು ಇರಬೇಕಲ್ಲ, ಅರಿಷಿಣ ಯಾಕೆ ಕೆಂಪಾಗುತ್ತದೆ ಎಂದು ಅವರನ್ನು ಕೇಳು. ಇನ್ನು ಫೋನು ಬಂದ್ ಇಡುತ್ತೇನೆ. ತಮ್ಮ ಪ್ರಭುನ ಬಾಯಿಂದಲೂ ಇದೇ ಮಾತು ಕೇಳುವ ಶಕ್ತಿ ನನಗಿಲ್ಲ.

ಹುಡುಗಿಯನ್ನು ಒಯ್ಯುವುದಿದ್ದರೆ ಒಯ್ಯಿರಿ. ನಡುವರ್ಷ ಸಾಲಿ ಮಾತ್ರ ಬಿಡಿಸಬೇಡಿರಿ.

ಕಳಕಮ್ಮ


ಕಾರಟಗಿ
೧೩ ನವೆಂಬರ್ ೨೦೨೪

ಬಿ.ಎ. ಓದಿದ ನಾನು ಓಣಿಯ ಮಕ್ಕಳನ್ನು ಕೇಳಿ ತಿಳಿದುಕೊಳ್ಳಬೇಕಂತೆ! ಅಣಕಿಸಿದ್ದು ಸಾಕು.

ನಾಚಿಕೆಯಾಯಿತು ಎಂದು ನೀವೇ ಬರೆದಿದ್ದೀರಿ. ನಾಚುವಂಥದ್ದು ಮಾಡಿದವರಿಗೇ ನಾಚಿಕೆ. ಕಾಲುವೆಯ ಮಾತು ನನ್ನ ಮಗಳಿಗೆ ಹೇಳಬಾರದು ಎಂದರೆ ಅವಳೂ ಇದರಲ್ಲಿ ಇದ್ದಾಳೆ ಎಂದಾಯಿತು. ನನ್ನ ತಾಯಿಯ ಮಾತನ್ನು ಈಗ ಎತ್ತಿದ್ದು ಯಾಕೋ ತಿಳಿಯಲಿಲ್ಲ.

ಇಷ್ಟು ದಿನ ನಿಮ್ಮ ತಮ್ಮನಿಗೆ ಹೇಳಿರಲಿಲ್ಲ. ನಿನ್ನೆ ಎಲ್ಲ ಹೇಳಿದೆ. ಊಟದ ತಾಟು ಬಿಟ್ಟು ಎದ್ದರು. ಶನಿವಾರ ಮೊದಲನೇ ಬಸ್ಸಿಗೆ ಹೊರಟು, ಕುಷ್ಟಗಿಯಲ್ಲಿ ಬಸ್ಸು ಬದಲಾಯಿಸಿ ಬರುತ್ತಾರೆ. ಗವಿಶ್ರೀಯ ಬಟ್ಟೆ ಪುಸ್ತಕ ಕಟ್ಟಿಡಿ. ಶಾಲೆಯಿಂದ ಟಿ.ಸಿ.ಯನ್ನೂ ತೆಗೆದುಕೊಳ್ಳುತ್ತಾರೆ. ಗಂಗಾವತಿಯಲ್ಲಿ ಹಾಸ್ಟೆಲ್ ಇರುವ ಶಾಲೆ ನೋಡಿದ್ದೇವೆ. ತಂದೆ ತಾಯಿ ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲವಂತೆ.

ಭಾನುವಾರ ಮಗುವಿಗೆ ಹೆಸರಿಡುವುದು. ನೀವು ಬರಲೇಬೇಕೆಂಬ ಒತ್ತಾಯವಿಲ್ಲ.

ಮಲ್ಲೇಶ್ವರಿ


ಕಾರಟಗಿ
೧೫ ನವೆಂಬರ್ ೨೦೨೪, ಶುಕ್ರವಾರ, ರಾತ್ರಿ ಹತ್ತೂವರೆ

ಅಕ್ಕಾ,

ಈ ಕಾಗದ ಕೊಡುವವರು ಶಫೀಸಾಬರು, ನಿಮ್ಮ ತಮ್ಮ ಕೆಲಸ ಮಾಡುವ ಅಕ್ಕಿ ಗಿರಣಿಯ ಲಾರಿ ಡ್ರೈವರ್. ಗಜೇಂದ್ರಗಡಕ್ಕೆ ಲೋಡ್ ಹೊರಟಿದ್ದಾರೆ, ನಿಮ್ಮೂರ ಮೇಲೆಯೇ ಹಾದಿ. ಹೊತ್ತಲ್ಲದ ಹೊತ್ತಿಗೆ ಬಾಗಿಲು ಬಡಿದರು ಎಂದು ಹೆದರಬೇಡಿ. ಸಂಜೆಯಿಂದ ನಿಮಗೆ ಫೋನ್ ಮಾಡುತ್ತಲೇ ಇದ್ದೇನೆ, ಬಂದ್ ಬರುತ್ತಿದೆ. ನಿಮ್ಮ ಓಣಿಯ ಬೇರೆ ಯಾರ ನಂಬರೂ ನನ್ನ ಹತ್ತಿರ ಇಲ್ಲ.

ಇವತ್ತು ಸಂಜೆ ಎದುರು ಮನೆಯ ಫಾತಿಮಾಬೀಯ ಮಗಳು ಖುಷ್ಬು ಬಂದಳು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. “ಆಂಟಿ, ಪಾಪುಗ ಕಾರ್ಡ್ ಮಾಡೀನ್ರಿ. ಐತವಾರ ಹೆಸರಿಡತೀರಲ್ಲ” ಎಂದು ಕೈ ಮುಂದೆ ಚಾಚಿದಳು. ಹಳದಿ ಹಾಳೆ. ಅದರ ಮೇಲೆ ಕೆಂಪು ಹೂವು. ಅದೇ ಹಳದಿ, ಅದೇ ಕೆಂಪು.

ನಾನು ಅವಳ ರಟ್ಟೆ ಹಿಡಿದುಬಿಟ್ಟೆ. “ಯಾರು ಕಲಿಸ್ಯಾರ ನಿನಗ ಇದನ್ನ? ಖರೇ ಹೇಳು” ಎಂದೆ. ಹುಡುಗಿಗೆ ಅಳು ಬರುವ ಹಾಗಾಯಿತು.

“ವಿಜ್ಞಾನ ಟೀಚರ್ರಿ. ಏಳನೆತ್ತ ಪಾಠದಾಗ ಐತಿ. ಹಾಳಿಗಿ ಅರಿಷಿಣ ಹಚ್ಚಿ ಒಣಗಸೂದು, ಆಮ್ಯಾಲ ಸಾಬೂನು ನೀರಾಗ ಕಡ್ಡಿ ಅದ್ದಿ ಚಿತ್ರ ಬರಿಯೂದು. ಸಾಬೂನು ಪ್ರತ್ಯಾಮ್ಲ ಅಲ್ರೀ, ಅದಕ್ಕ ಅರಿಷಿಣ ಕೆಂಪಾಗತೈತಿ. ಲಿಂಬಿ ಆಮ್ಲ, ಅದಕ್ಕ ಆಗೂದಿಲ್ಲ. ಸುಣ್ಣಕ್ಕ ಆಗತೈತಿ. ಅವ್ವಗ ಇಂಥಾ ಕಾರ್ಡ್ ಮಾಡಿ ಕೊಡ್ರಿ ಅಂದಿದ್ರು. ನೀರು ತಾಗಿಸಬ್ಯಾಡ್ರಿ ಆಂಟಿ, ಹೂವು ಕರಗತೈತಿ.”

ಬಾಗಿಲಲ್ಲಿ ನಿಂತಿದ್ದ ಫಾತಿಮಾಬೀ, “ಈ ಪೋರಿ ಸಲುವಾಗಿ ಮನ್ಯಾಗ ಒಂದು ಲಿಂಬಿಹಣ್ಣ ಉಳದಿಲ್ಲವಾ. ದಾಸಾಳ ಗಿಡ ಬೋಳಾಗೇತಿ. ಅವರಪ್ಪನ ದಾಡಿ ಸಾಬೂನೂ ಬಿಟ್ಟಿಲ್ಲ” ಎಂದು ನಗುತ್ತಿದ್ದಳು. ನಾನು ಖುಷ್ಬುವಿನ ರಟ್ಟೆ ಬಿಟ್ಟೆ.

ಅಕ್ಕಾ, ಮಗುವಿನ ಅರಿಷಿಣದ ಬಟ್ಟೆಗೆ ಸಾಬೂನು ಹಚ್ಚಿದಾಗ ಕೆಂಪಾಗುವುದನ್ನು ನಾನು ದಿನಾ ಕಲ್ಲಿನ ಮೇಲೆ ನೋಡುತ್ತೇನೆ. ದಿನಾ ನೋಡುವುದನ್ನೇ ತೊಟ್ಟಿಲಲ್ಲಿ ಕಂಡಾಗ ಗುರುತಿಸಲಿಲ್ಲ.

ಆದರೂ ಆ ಚಿತ್ರದ ಹೆಂಗಸು ಯಾರು, ಮುಷ್ಟಿಗಳು ಯಾಕೆ ಎಂಬುದು ಕೊರೆಯುತ್ತಲೇ ಇತ್ತು. ಅಷ್ಟರಲ್ಲಿ ಭಾನುವಾರದ ಕೆಲಸ ಕೇಳಲು ಹೊಳಿಯಮ್ಮ ಬಂದಳು. “ಕೂಸಿನ ಕಿವ್ಯಾಗ ಹೆಸರು ಹೇಳಾಕ ಸೋದರತ್ತಿ ಬರತಾಳೋ ಇಲ್ಲೋ? ಬಂದರ ಆಕಿ ಬೆನ್ನಿಗಿ ಗುದ್ದಾಕ ನಾ ಮೊದಲ ನಿಲ್ಲಾಕಿ, ಈಗ ಹೇಳೀನಿ” ಎಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ಹಾಳೆಯ ಚಿತ್ರ ಕಣ್ಣ ಮುಂದೆ ಬಂತು.

ಬುಟ್ಟಿಯಲ್ಲ, ಅದು ತೊಟ್ಟಿಲು. ಬಾಗಿದವಳು ನೀವು. ನನ್ನ ಮಗನ ಕಿವಿಯಲ್ಲಿ ಹೆಸರು ಹೇಳುತ್ತಿದ್ದೀರಿ. ಹಿಂದಿನಿಂದ ತಮಾಷೆಗೆ ಬೆನ್ನು ಗುದ್ದುವ ಮುಷ್ಟಿಗಳಲ್ಲಿ ಒಂದು ಗವಿಶ್ರೀಯದು. ನಮ್ಮ ಕಡೆ ಯಾವ ಮನೆಯಲ್ಲಿ ಹೆಸರಿಟ್ಟರೂ ನಡೆಯುವುದು ಇದೇ. ಅತ್ತೆಯೇ ಹೆಸರು ಹೇಳಬೇಕೆಂದು ನನ್ನ ಹುಡುಗಿ ಚಿತ್ರ ಬರೆದು ತಮ್ಮನ ತಲೆಯ ಕೆಳಗೆ ಇಟ್ಟು ಹೋಗಿದ್ದಾಳೆ. ಬಾಯಿಬಿಟ್ಟು ಕೇಳಿದರೆ ಈ ಮನೆಯಲ್ಲಿ ಯಾರು ಏನು ಅನ್ನುತ್ತಾರೆ ಎಂಬುದು ಅವಳಿಗೂ ಗೊತ್ತಿರಬೇಕು. ನೀವು ಮಾತು ಕೊಟ್ಟಿದ್ದು ಅವಳಿಗೆ. ನಾನು ಅದನ್ನು ಕಾಲುವೆಗೆ ಹಾಕಿ, ತೇಲಿ ಹೋಗುವವರೆಗೂ ನಿಂತು ನೋಡಿದೆ.

ಜ್ವರದ ಬಗ್ಗೆಯೂ ನಿಮಗೆ ಪೂರ್ತಿ ಬರೆಯಲಿಲ್ಲ. ಅದರ ಹಿಂದಿನ ದಿನ ಮಗುವಿಗೆ ಲಸಿಕೆ ಹಾಕಿಸಿದ್ದೆ. ಜ್ವರ ಬರುತ್ತದೆ, ಹೆದರಬೇಡಿ ಎಂದು ನರ್ಸ್ ಹೇಳಿ ಕಳಿಸಿದ್ದಳು.

ಎಲ್ಲವನ್ನೂ ನಿಮ್ಮ ತಮ್ಮನಿಗೆ ಹೇಳಿದೆ. ಖುಷ್ಬುವಿನ ಕಾರ್ಡ್ ತೋರಿಸಿದೆ. ನಂಬಲಿಲ್ಲ. “ನಿನ್ನೆ ಮೊನ್ನೆ ಮಾಟ ಅಂದಿ, ಇವತ್ತ ಪಾಠ ಅಂತೀ. ನಾಳೆ ಏನಂತೀಯೋ” ಎಂದರು. “ಅಕ್ಕಗ ಫೋನ್ ಹಚ್ಚಿ ಕೇಳ್ರಿ” ಎಂದೆ. “ಹಚ್ಚೀನಿ. ಬಂದ್ ಐತಿ. ತಪ್ಪಿಲ್ಲದಾಕಿ ಯಾಕ ಬಂದ್ ಇಡತಾಳ?” ಎಂದರು. ಕೇಳಿದಿರಾ? ಇದು ನನ್ನದೇ ಮಾತು, ನನ್ನದೇ ದನಿ. ನಾನೇ ಅವರ ಕಿವಿಗೆ ಹಾಕಿದ್ದು. ಈಗ ವಾಪಸ್ ತೆಗೆಯಲು ಹೋದರೆ ನಿದ್ದೆಗೆಟ್ಟವಳ ಬಡಬಡಿಕೆ ಎನ್ನುತ್ತಾರೆ. “ಆಕಿ ತಾನಾಗಿ ಒಂದು ಮಾತು ಹೇಳಲಿ, ನಾ ಹೋಗೂದು ಬಿಡತೀನಿ. ಇಲ್ಲಂದ್ರ ಟಿ.ಸಿ. ತಗೊಂಡ ಬರಾವ.” ಬ್ಯಾಗ್ ಕಟ್ಟಿಟ್ಟು, ಅಲಾರಾಂ ಇಟ್ಟು ಮಲಗಿದ್ದಾರೆ.

ಮಲಗುವ ಮೊದಲು ಗೋಡೆಯ ಕಡೆ ತಿರುಗಿಕೊಂಡು ಇನ್ನೊಂದು ಮಾತು ಅಂದರು: “ನನ್ನನ್ನ ಬಗಲಾಗ ಹೊರಾಕ ಅಂತ ಆಕಿನ್ನ ಐದನೆತ್ತಕ್ಕ ಸಾಲಿ ಬಿಡಿಸಿದ್ರು. ಅಂಥಾ ಅಕ್ಕ ಹಿಂಗ ಮಾಡಿದಳು.”

ಐದನೆಯದು! ಹಾಗಾದರೆ ಆರು, ಏಳು ನಿಮಗೆ ಸಿಗಲೇ ಇಲ್ಲ. ಆ ಬಟ್ಟಲುಗಳ ಮುಂದೆ ಪಾಠ ಕಲಿಯುತ್ತಿದ್ದವರು ಒಬ್ಬರಲ್ಲ, ಇಬ್ಬರು, ಅಲ್ಲವೇ ಅಕ್ಕಾ? ‘ಈಗ ಇನ್ನೊಂದಕ್ಕ ಹಾಕು’ ಎಂದು ಗವಿಶ್ರೀ ಹೇಳುತ್ತಿದ್ದುದು ನಿಮಗೆ. ಅಕ್ಷರ ದುಂಡಗಾದದ್ದು ಅವಳು ತಿದ್ದಿಸಿದ್ದರಿಂದ. ಈ ವಯಸ್ಸಿನಲ್ಲಿ ಏಳನೇ ತರಗತಿಯ ಪಾಠಕ್ಕೆ ಕೂತದ್ದನ್ನು ದುರುಗಪ್ಪ ನೋಡಿದ ಎಂದು ನಾಚಿ ಬಾಗಿಲು ಹಾಕಿಕೊಂಡಿರಿ. ಇದೂ ನನ್ನ ಊಹೆಯೇ. ಈ ತಿಂಗಳ ನನ್ನ ಊಹೆಗಳ ಗತಿ ಏನಾಯಿತೆಂದು ನೀವೇ ಬಲ್ಲಿರಿ. ತಪ್ಪಿದ್ದರೆ ಬೈಯಿರಿ, ಆದರೆ ಫೋನಿನಲ್ಲಿ ಬೈಯಿರಿ.

ಈಗ ಇನ್ನೊಂದು ಸಂಶಯ ತಿನ್ನುತ್ತಿದೆ. ಫೋನ್ ಬಂದ್ ಇರುವುದು ಸಿಟ್ಟಿಗಷ್ಟೇ ತಾನೇ? ನನ್ನ ಹೋದ ಕಾಗದ ಓದಿ ಹುಡುಗಿಯನ್ನು ಯಾರದೋ ಮನೆಯಲ್ಲಿ ಬಿಟ್ಟು ನೀವು ಎಲ್ಲಿಗಾದರೂ ಹೊರಟುಬಿಟ್ಟಿಲ್ಲ ತಾನೇ? ಮತ್ತೆ ಆ ಯಲಬುರ್ಗಾಕ್ಕೆ? ಶಫೀಸಾಬರಿಗೆ ಹೇಳಿದ್ದೇನೆ, ಬಾಗಿಲು ತೆರೆಯುವವರೆಗೆ ಬಡಿಯಿರಿ ಎಂದು. “ನನ್ನ ತಂಗಿ ಮನಿ ಕದಾ ಬಡದಂಗ ಬಡಿತೀನಿ, ನೀವು ಲಗೂ ಬರದು ಮುಗಸ್ರಿ” ಎಂದು ಹೊರಗೆ ಲಾರಿ ಚಾಲೂ ಮಾಡಿ ಕೂತಿದ್ದಾರೆ.

ಆಸ್ಪತ್ರೆಯ ಪರದೆಯ ಈ ಕಡೆ ನಾನು ಸುಮ್ಮನಿದ್ದದ್ದಕ್ಕೆ ಏನು ಬರೆಯಲಿ? ಅದನ್ನು ಎದುರಿಗೆ ನಿಂತೇ ಹೇಳಬೇಕು. ಭಾನುವಾರ ಬನ್ನಿ. ಮಗನನ್ನು ಮೊದಲು ನಿಮ್ಮ ಕೈಯಲ್ಲೇ ಇಡುತ್ತೇನೆ, ನನ್ನ ತಾಯಿಯ ಕಣ್ಣೆದುರಿಗೇ. ಕಿವಿಯಲ್ಲಿ ಯಾವ ಹೆಸರು ಹೇಳುತ್ತೀರೋ ಅದೇ ಹೆಸರು.

ಆದರೆ ಅದೆಲ್ಲ ಆಮೇಲೆ. ಮೊದಲು ಫೋನ್ ಚಾಲೂ ಮಾಡಿ. ನನ್ನ ಜೊತೆ ಮಾತಾಡಬೇಕಾಗಿಲ್ಲ. “ಪ್ರಭೂ” ಎಂದು ಒಂದು ಸಲ ಕರೆಯಿರಿ, ಅವರಿಗೆ ಅಷ್ಟು ಸಾಕು. ನನ್ನ ಫೋನನ್ನು ತೊಟ್ಟಿಲಲ್ಲಿ, ಕೌದಿಯ ಕೆಳಗೆ, ಆ ಹಾಳೆ ಇದ್ದ ಜಾಗದಲ್ಲೇ ಇಟ್ಟು ಪಕ್ಕದಲ್ಲಿ ಕೂತಿರುತ್ತೇನೆ. ಒಮ್ಮೆ ಅವರು ಬಸ್ಸು ಹತ್ತಿದರೆಂದರೆ ಗವಿಶ್ರೀಯ ಶಾಲೆಯೂ ಹೋಯಿತು, ನಿಮ್ಮದೂ ಹೋಯಿತು. ಬೆಳಗಾಗುವ ಮೊದಲು ಫೋನ್ ಮಾಡಿ ಅಕ್ಕಾ. ಎಷ್ಟು ಹೊತ್ತಾದರೂ ಸರಿ, ಬೆಳಗಾಗುವ ಮೊದಲು ಮಾಡಿ.